ಒಗ್ಗರಣೆ ಡಬ್ಬಿಯಲ್ಲಿ ವಿಟಮಿನ್

ನನಗೆ ಮೋಸ ಮಾಡುವ ಅಂಗಡಿಯವನು ವೆಸ್ಟ್ ಮಾಂಬಲಂನಲ್ಲಿ ಇನ್ನೂ ಹುಟ್ಟಿಲ್ಲ. ಕಲ್ಲು ಬೆರೆಸಿದ ತೊಗರಿಬೇಳೆ, ನೀರು ಚಿಮುಕಿಸಿ ಎಳೆಯದು ಮಾಡಿದ ಸೊಪ್ಪು, ಬುಟ್ಟಿಯ ಮೇಲೆ ಮಾತ್ರ ಕೆಂಪಾದ ಟೊಮೆಟೊ, ಎಲ್ಲವನ್ನೂ ನಾನು ಬೀದಿಯ ಆಚೆ ಕಡೆಯಿಂದಲೇ ಹಿಡಿಯುತ್ತೇನೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸಂಶಯದಲ್ಲಿ ನಾನು ಡಬಲ್ ಗ್ರಾಜುಯೇಟ್! ಅಂಥವಳು ವಿಟಮಿನ್ ಮಾತ್ರೆಯ ಕೈಯಲ್ಲಿ ಸಿಕ್ಕಿಬಿದ್ದ ಕಥೆ ಇದು. ಮನೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅವರು ಹೇಳಿದರೆ ಇನ್ನೂ ಉಪ್ಪು ಖಾರ ಸೇರುತ್ತದೆ.

ನಮ್ಮವರು ಇದೇ ಮದ್ರಾಸಿನ ಒಂದು ಉಡುಪಿ ಹೋಟೆಲಿನಲ್ಲಿ ಹೆಡ್ ಕುಕ್ ಆಗಿದ್ದವರು. ಈಗ ರಿಟೈರ್ಡ್. ರಿಟೈರ್ಡ್ ಅಂದರೆ ಹೋಟೆಲಿನ ಅಡುಗೆಮನೆ ಬಿಟ್ಟು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ತಪ್ಪು ಹುಡುಕುವ ಕೆಲಸ. ಹೀಗಿರುವಾಗ ನಮ್ಮ ಮೊಮ್ಮಗಳು ಪೂಜಾಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಗಿಂಡಿಯ ಆಫೀಸಿನಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗ. ಮಾಧವರಂ ಕಡೆಯ ತಮಿಳರ ಮನೆ. ಒಳ್ಳೆಯ ಜನ. ಒಳ್ಳೆಯ ಜನ ಅಂತ ಎಲ್ಲರೂ ಹೇಳಿದ್ದರಿಂದ ನನಗೆ ಸ್ವಲ್ಪ ಸಂಶಯ ಇತ್ತು. ಅದು ಬೇರೆ ವಿಷಯ.

ನಿಶ್ಚಿತಾರ್ಥದ ಮಾತು ಬಂದ ಕೂಡಲೇ ನಮ್ಮವರು ಎದ್ದು ನಿಂತು ಘೋಷಣೆ ಮಾಡಿದರು.

"ಊಟ ನನ್ನದು. ಕುಂಬಳಕಾಯಿ ಹುಳಿ, ಗಸಗಸೆ ಪಾಯಸ. ಕಂಟ್ರಾಕ್ಟರ್ ಗಿಂಟ್ರಾಕ್ಟರ್ ಅಂತ ಯಾರೂ ಬಾಯಿ ಬಿಡಬಾರದು."

ಮಗ ನಾಗೇಶ ಇನ್ಶೂರೆನ್ಸಿನವನು. ಅವನಿಗೆ ಎಲ್ಲದರಲ್ಲೂ ಅಪಾಯವೇ ಕಾಣುವುದು. "ಅಪ್ಪ, ಸ್ಟೇಷನ್ ಮೆಟ್ಟಿಲು ಹತ್ತುವಾಗ ನೀವು ಮಧ್ಯದಲ್ಲಿ ಕೂತುಕೊಳ್ಳುತ್ತೀರಿ. ಒಂದು ಹಾಲ್ ತುಂಬ ಜನಕ್ಕೆ ಅಡುಗೆ ಮಾಡುತ್ತೀರಾ?"

"ಮೆಟ್ಟಿಲು ಹತ್ತಿ ಯಾರಾದರೂ ಹುಳಿ ಮಾಡುತ್ತಾರಾ ಮಾರಾಯ? ಒಲೆ ನೆಲದ ಮೇಲೆ ಅಲ್ವಾ ಇರುವುದು?"

ಕೊನೆಗೆ ನಾಗೇಶ ಒಂದು ಷರತ್ತು ಹಾಕಿದ. ಡಾಕ್ಟರು ಸರಿ ಅಂದರೆ ಅಪ್ಪನ ಅಡುಗೆ. ಇಲ್ಲ ಅಂದರೆ ಕಂಟ್ರಾಕ್ಟರು. ನಮ್ಮವರ ಮುಖ ನೋಡಬೇಕಿತ್ತು ನೀವು. ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯುವ ಮುಖ! ಆ ಪರೀಕ್ಷೆಗೆ ಕರೆದುಕೊಂಡು ಹೋಗುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಡಾಕ್ಟರುಗಳನ್ನು ಸಂಭಾಳಿಸಲು ನನಗಿಂತ ಯೋಗ್ಯರು ಮನೆಯಲ್ಲಿ ಯಾರಿದ್ದಾರೆ ಅಂತ ನಾನೇ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡೆ.

ಮೊದಲು ಹೋದದ್ದು ಪ್ರೈವೇಟ್ ಕ್ಲಿನಿಕ್ಕಿಗೆ. ಹೊರಗೆ ಕೂತು ನಾನು ನೋಡುತ್ತಾ ಇದ್ದೆ. ಮೊಣಕಾಲು ನೋವು ಅಂತ ಒಳಗೆ ಹೋದ ಹೆಂಗಸು ಕಿತ್ತಳೆ ಬಣ್ಣದ ಡಬ್ಬ ಹಿಡಿದುಕೊಂಡು ಹೊರಗೆ ಬಂದಳು. ಕೂದಲು ಉದುರುತ್ತದೆ ಅಂತ ಹೋದ ಹುಡುಗಿಯ ಕೈಯಲ್ಲೂ ಕಿತ್ತಳೆ ಡಬ್ಬ. ನಿದ್ದೆ ಬರುವುದಿಲ್ಲ ಅಂದವನಿಗೂ ಅದೇ, ನಿದ್ದೆ ಜಾಸ್ತಿ ಅಂದವನಿಗೂ ಅದೇ! ಒಳಗೆ ಹೋದರೆ ಡಾಕ್ಟರ ಮೇಜಿನ ಪೆನ್ನು, ಕ್ಯಾಲೆಂಡರು, ಗೋಡೆಯ ಗಡಿಯಾರ, ಎಲ್ಲದರ ಮೇಲೂ ಆ ಡಬ್ಬದ್ದೇ ಹೆಸರು. ಬಾಗಿಲಿನ ಬೋರ್ಡಿನಲ್ಲಿ ಡಾಕ್ಟರ ಹೆಸರು ಅದಕ್ಕಿಂತ ಸಣ್ಣದು. ನಾನು ನಮ್ಮವರನ್ನು ಮೊಣಕೈಯಿಂದ ತಿವಿದೆ. ಅವರು "ಎಂತ?" ಅಂತ ಜೋರಾಗಿ ಕೇಳಿದರು. ಗೂಢಚಾರಿಕೆಗೆ ಈ ಮನುಷ್ಯ ಪ್ರಯೋಜನ ಇಲ್ಲ.

ಡಾಕ್ಟರು ಚಿಕ್ಕ ಪ್ರಾಯದವರು. ಬಿಪಿ ನೋಡಿದರು, ಎದೆ ನೋಡಿದರು, "ಹಾರ್ಟ್ ಚೆನ್ನಾಗಿದೆ, ವಯಸ್ಸಿಗೆ ತಕ್ಕ ವೀಕ್‌ನೆಸ್. ರಕ್ತದಲ್ಲಿ ವಿಟಮಿನ್ ಎಷ್ಟಿದೆ ಅಂತ ಟೆಸ್ಟ್ ಮಾಡೋಣವಾ ಅಮ್ಮಾ?" ಅಂದರು.

"ಟೆಸ್ಟ್ ಬೇಡ," ಅಂದೆ. ಟೆಸ್ಟಿನ ಬೋರ್ಡು ಪಕ್ಕದ ಬಾಗಿಲಲ್ಲೇ ನೇತಾಡುತ್ತಿತ್ತು. ನನಗೆ ಕಣ್ಣಿಲ್ಲವಾ?

"ಸರಿ, ಮಾತ್ರೆ ಬರೀತೀನಿ."

"ಟೆಸ್ಟೇ ಮಾಡದೆ ಮಾತ್ರೆ ಹೇಗೆ ಬರೆಯುತ್ತೀರಿ?"

ಅವರು ಪೆನ್ನು ಕೆಳಗಿಟ್ಟರು. "ಅಮ್ಮಾ, ಟೆಸ್ಟ್ ಬೇಡ ಅಂದದ್ದು ನೀವೇ ಅಲ್ವಾ?"

ನಾನು ಮಾತು ಬದಲಿಸಿದೆ. "ಇವರು ಅಡುಗೆ ಮಾಡಬಹುದಾ? ದೊಡ್ಡ ಅಡುಗೆ?"

"ಧಾರಾಳವಾಗಿ ಮಾಡಲಿ. ಮಾತ್ರೆ ತಗೊಂಡು ಮಾಡಲಿ."

ನಮ್ಮವರು ಕುರ್ಚಿಯಿಂದ ಹಾರಿ ಎದ್ದ ರೀತಿ ನೋಡಿದರೆ ಮಾತ್ರೆಯ ಅಗತ್ಯವೇ ಇರಲಿಲ್ಲ. ಸಂಜೆ ನಾಗೇಶ ಚೀಟಿ ತೋರಿಸಿ ಎಲ್ಲ ತಂದ. ಒಂದು ಕಿತ್ತಳೆ ಡಬ್ಬ, ಒಂದು ನರಕ್ಕೆ, ಒಂದು ಶಕ್ತಿಗೆ.

ರಾತ್ರಿ ನನಗೆ ಸಮಾಧಾನ ಇಲ್ಲ. ಈ ಡಾಕ್ಟರು ಅಡುಗೆ ಮಾಡಿ ಅಂದದ್ದು ಇವರ ಎದೆ ಗಟ್ಟಿ ಇದೆ ಅಂತಲಾ, ಇಲ್ಲ ಮಾತ್ರೆ ಖರ್ಚಾಗಲಿ ಅಂತಲಾ? ನಾಳೆ ಹುಳಿಯ ಕೊಪ್ಪರಿಗೆಯ ಮುಂದೆ ಇವರು ದೊಪ್ಪನೆ ಬಿದ್ದರೆ ಗಡಿಯಾರ ಕೊಟ್ಟ ಮಾತ್ರೆ ಕಂಪನಿಯವರು ಬರುತ್ತಾರಾ? ಹಾಗಾಗಿ ಲಾಭ ನಷ್ಟ ಇಲ್ಲದ ಕಡೆ ಇನ್ನೊಂದು ಸಲ ವಿಚಾರಿಸುವುದು ಅಂತ ನಿರ್ಧರಿಸಿ, ಮರುದಿನ ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಪ್ರೈವೇಟಿನ ವಿಷಯ ಬಾಯಿ ಬಿಡಕೂಡದು ಅಂತ ದಾರಿಯಲ್ಲೇ ತಾಕೀತು ಮಾಡಿದ್ದೆ. ಒಬ್ಬ ಸಾಕ್ಷಿ ಹೇಳಿದ್ದು ಇನ್ನೊಬ್ಬ ಸಾಕ್ಷಿಗೆ ಗೊತ್ತಾಗಬಾರದು. ಕೋರ್ಟಿನಲ್ಲಿ ಅದೇ ಪದ್ಧತಿ!

ಅಲ್ಲಿ ಒಬ್ಬರು ಡಾಕ್ಟರಮ್ಮ. ಕ್ಯೂ ಬಾಗಿಲಿನ ಹೊರಗೆ ಬೇವಿನ ಮರದವರೆಗೆ ಇತ್ತು. ಆದರೂ ಆಕೆ ಬಿಪಿ ನೋಡಿದಳು, ಎದೆ ನೋಡಿದಳು, ಬೆಳಿಗ್ಗೆ ಏನು ತಿನ್ನುತ್ತೀರಿ, ಮೊಸರು ಹಾಕಿಕೊಳ್ಳುತ್ತೀರಾ ಅಂತೆಲ್ಲ ಕೇಳಿದಳು. "ನಲ್ಲಾ ಇರುಕ್ಕಾರು. ಚೆನ್ನಾಗಿದ್ದಾರೆ. ಅಡುಗೆ ಮಾಡಲಿ, ನಡುನಡುವೆ ಕೂತುಕೊಳ್ಳಲಿ. ಬೆಳಿಗ್ಗೆ ಬಿಸಿಲಿನಲ್ಲಿ ಸ್ವಲ್ಪ ನಡೆಯಲಿ, ಹೊತ್ತಿಗೆ ಸರಿಯಾಗಿ ಊಟ. ಮಾತ್ರೆ ಏನೂ ಬೇಡ."

ಏನೂ ಬೇಡ?

ನನಗೆ ಎಲ್ಲಿಲ್ಲದ ಅವಮಾನ ಆಯಿತು. ಬೇವಿನ ಮರದಿಂದ ಇಲ್ಲಿಯವರೆಗೆ ನಿಂತು ಬಂದವಳಿಗೆ ಬಿಸಿಲು ಬರೆದುಕೊಡುವುದಾ? ಬಿಸಿಲಿಗೆ ಮದ್ರಾಸಿನಲ್ಲಿ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರಾ? ಪುಕ್ಕಟೆ ಬಂದವರು ಅಂತ ಸಾಗಹಾಕುತ್ತಿದ್ದಾಳೆ ಅಂತ ಸಂಶಯ ಬಂತು. ಬಂದ ಮೇಲೆ ಬಾಯಲ್ಲಿ ಇಟ್ಟುಕೊಳ್ಳುವುದು ನನ್ನ ಜಾಯಮಾನ ಅಲ್ಲ.

"ಡಾಕ್ಟರಮ್ಮಾ, ಸ್ಟಾಕ್ ಇಲ್ಲವಾ? ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ ಅಂತ ಹೇಳಿ. ಪ್ರಾಯ ಆದವರನ್ನು ಬರಿಗೈಯಲ್ಲಿ ಕಳಿಸಬೇಡಿ."

ಹಿಂದೆ ನಿಂತವರೆಲ್ಲ ನನ್ನ ಪರವಾಗಿ ಗೊಣಗಿದರು. ಆಕೆ ನನ್ನನ್ನು ನೋಡಿದಳು, ಕ್ಯೂವನ್ನು ನೋಡಿದಳು, ಒಂದು ಉಸಿರು ಬಿಟ್ಟು ಏನೋ ಗೀಚಿದಳು. ಕಿಟಕಿಯಲ್ಲಿ ಕಾಗದದ ಕವರಿನಲ್ಲಿ ಸಣ್ಣ ಹಳದಿ ಮಾತ್ರೆ ಸಿಕ್ಕಿತು. ನಾನು ಗೆದ್ದು ಮನೆಗೆ ಬಂದೆ.

ಈಗ ನನ್ನ ಮುಂದೆ ಎರಡು ಕಡೆಯ ಮಾತ್ರೆ. ಒಂದು ಕಡೆ ಕೊಡಬಾರದಷ್ಟು ಕೊಟ್ಟಿದ್ದಾರೆ, ಇನ್ನೊಂದು ಕಡೆ ಜಗಳ ಮಾಡಿದರೆ ಮಾತ್ರ ಕೊಟ್ಟಿದ್ದಾರೆ. ಎರಡರಲ್ಲಿ ಒಂದು ಸುಳ್ಳು ಅನ್ನುವುದು ಗ್ಯಾರಂಟಿ. ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ಎರಡೂ ಕೊಡುವುದು! ನಿಜವಾದದ್ದು ತಪ್ಪಿಹೋಗುವುದಿಲ್ಲವಲ್ಲ. ಇಷ್ಟು ಸರಳ ಬುದ್ಧಿ ಓದಿದವರಿಗೆ ಯಾಕೆ ಹೊಳೆಯುವುದಿಲ್ಲ ಅಂತ ಆಗ ಅನ್ನಿಸಿತ್ತು.

ಹೋಟೆಲಿನವರ ಮನೆಯಲ್ಲಿ ಒಂದು ಕಟ್ಟುನಿಟ್ಟು ಉಂಟು. ಯಾವ ಸಾಮಾನೂ ಅಂಗಡಿಯ ಪೊಟ್ಟಣದಲ್ಲಿ ಇರಬಾರದು. ಬಂದ ದಿನವೇ ಪೊಟ್ಟಣ ಒಡೆಯಬೇಕು, ಡಬ್ಬಿಗೆ ಸುರಿಯಬೇಕು, ಪೊಟ್ಟಣ ಬಿಸಾಡಬೇಕು. ಇಲ್ಲದಿದ್ದರೆ ಜಿರಳೆ ಬರುತ್ತದೆ. ನಮ್ಮವರು ಹೋಟೆಲಿನ ಉಗ್ರಾಣದಿಂದ ಮನೆಗೆ ತಂದ ಕಾನೂನು ಇದು. ನಾನು ಹಳೆಯ ಒಗ್ಗರಣೆ ಡಬ್ಬಿಯನ್ನು ತೊಳೆದು ಒರೆಸಿದೆ. ಮಾತ್ರೆಗಳನ್ನೆಲ್ಲ ಹಾಳೆಯಿಂದ ಒತ್ತಿ ಒತ್ತಿ ಬಿಡಿಸಿ, ಸಾಸಿವೆ ಇದ್ದಲ್ಲಿ ನರದ್ದು, ಜೀರಿಗೆ ಇದ್ದಲ್ಲಿ ಶಕ್ತಿಯದ್ದು, ಮೆಂತೆ ಇದ್ದಲ್ಲಿ ಕಿತ್ತಳೆ ಡಬ್ಬದ್ದು, ಇಂಗಿನ ಬಟ್ಟಲಿನಲ್ಲಿ ಸರ್ಕಾರದ್ದು ತುಂಬಿಸಿದೆ. ಹೆಸರು ಇದ್ದ ಹಾಳೆ, ಡಬ್ಬ, ಚೀಟಿ ಎಲ್ಲ ಕಸದ ಬುಟ್ಟಿಗೆ. ನೋಡಲಿಕ್ಕೆ ಎಷ್ಟು ಚಂದ ಇತ್ತು! ಬೆಳಿಗ್ಗೆ ಎಲ್ಲ ಬಟ್ಟಲಿನಿಂದ ಒಂದೊಂದು, ರಾತ್ರಿ ಎಲ್ಲ ಬಟ್ಟಲಿನಿಂದ ಒಂದೊಂದು. ಒಗ್ಗರಣೆಗೆ ಯಾರಾದರೂ ಅಳತೆ ಚಮಚ ಹಿಡಿಯುತ್ತಾರಾ?

"ಇಷ್ಟು ನುಂಗಲಿಕ್ಕುಂಟಾ?" ನಮ್ಮವರು ಅಂಗೈ ನೋಡಿ ಕೇಳಿದರು.

"ಅಡುಗೆ ಮಾಡಲಿಕ್ಕುಂಟಾ ಇಲ್ಲವಾ?"

ನುಂಗಿದರು.

ಸ್ವಲ್ಪ ದಿನದಲ್ಲಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಅವರ ಧ್ವನಿ ಬಂತು. "ಏ, ಇಲ್ಲಿ ಬಾ ಮಾರಾಯ್ತಿ. ಬೇಗ!"

ಹೋಗಿ ನೋಡಿದೆ. ಹೇಳಲು ಸಂಕೋಚ ಪಡುವ ಪ್ರಾಯ ನನ್ನದಲ್ಲ. ಹೋಟೆಲಿನಲ್ಲಿ ಕೇಸರಿಬಾತಿಗೆ ಬಣ್ಣ ಕಲಸಿಡುತ್ತಾರಲ್ಲ, ಅದೇ ಹಳದಿ. ಬಿಳಿ ಪಿಂಗಾಣಿಯ ಮೇಲೆ ಹೊಳೆಯುತ್ತಿತ್ತು.

"ಕಾಮಾಲೆ!" ಅಂದೆ.

"ನನಗೆ ಹಸಿವೆ ಚೆನ್ನಾಗಿ ಉಂಟಲ್ಲ?"

"ಅದು ಆರಂಭದಲ್ಲಿ ಹಾಗೇ." ಎಲ್ಲಿಂದ ಕಲಿತೆ ಅಂತ ಕೇಳಬೇಡಿ. ಅಂಥ ಸಮಯದಲ್ಲಿ ವೈದ್ಯಶಾಸ್ತ್ರ ತಾನಾಗಿ ನಾಲಿಗೆಗೆ ಬರುತ್ತದೆ.

ಮಾತ್ರೆ ಮಾಡಿದ ಕೆಲಸ ಇದು ಅನ್ನುವುದರಲ್ಲಿ ನನಗೆ ಸಂಶಯ ಇರಲಿಲ್ಲ. ಯಾವ ಡಾಕ್ಟರು ಲಿವರ್ ಕೆಡಿಸಿದ್ದು ಅನ್ನುವುದರಲ್ಲಿ ಮಾತ್ರ ಸಂಶಯ. ಆ ವಿಚಾರಣೆ ಆಮೇಲೆ ಅಂತ ಇಟ್ಟುಕೊಂಡು ಮೊದಲು ಪಥ್ಯ ಜಾರಿ ಮಾಡಿದೆ. ಎಣ್ಣೆ ಇಲ್ಲ, ಉಪ್ಪಿಲ್ಲ, ಖಾರ ಇಲ್ಲ. ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ, ಮಧ್ಯಾಹ್ನ ಗಂಜಿ, ರಾತ್ರಿ ಗಂಜಿಯ ತಿಳಿ. ಜನ್ಮವಿಡೀ ಒಗ್ಗರಣೆಯ ಹೊಗೆಯಲ್ಲಿ ಬದುಕಿದ ಮನುಷ್ಯ ತಟ್ಟೆ ಎತ್ತಿ ಮೂಸಿ ನೋಡಿ ಕೆಳಗಿಟ್ಟರು. ಡಬ್ಬಿಯ ಒಗ್ಗರಣೆಯನ್ನು ಮಾತ್ರ ನಾನು ನಿಲ್ಲಿಸಲಿಲ್ಲ. ಗಂಜಿ ಕುಡಿಯುವವನಿಗೆ ಶಕ್ತಿ ಬೇಡವಾ? ಯಾವುದು ಸುಳ್ಳು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲವಲ್ಲ!

ಪೂಜಾ ಬಂದು ನೋಡಿದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರ ಕೊಡುವುದು. "ಅಜ್ಜಿ, ಸುಮ್ಮಾ ಇರು. ಡಾಕ್ಟರ್ ಕಿಟ್ಟ ಕೇಳು," ಅಂದಳು. ಡಾಕ್ಟರ ಹತ್ತಿರ ಕೇಳು ಅಂತೆ! ಹಾಳು ಮಾಡಿದವರ ಹತ್ತಿರವೇ ಕೇಳುವುದಾ?

ನಾನು ಸುಮ್ಮನಿರಲಿಲ್ಲ. ಸಂಬಂಧ ಬೆಳೆಸುವಾಗ ಮುಚ್ಚಿಡಬಾರದು, ಮುಚ್ಚಿಟ್ಟರೆ ನಾಳೆ ಮಾತು ಬರುತ್ತದೆ ಅಂತ ನನ್ನ ನಿಯಮ. ಹುಡುಗನ ತಾಯಿ ವಸಂತಾಳಿಗೆ ನೇರ ಫೋನು ಹಚ್ಚಿದೆ.

"ನಮ್ಮವರಿಗೆ ಕಾಮಾಲೆ ಬಂದಿದೆ. ಹೇಳದೆ ಇರುವುದು ಸರಿಯಲ್ಲ ಅಂತ ಹೇಳಿದೆ."

ಆಕೆ ತುಂಬ ಮರ್ಯಾದೆಯಿಂದ, "ಅಯ್ಯೋ, ಪಾವಂ, ಪಾಪ. ತಾತ ರೆಸ್ಟ್ ತಗೊಳ್ಳಲಿ ಅಮ್ಮಾ. ಅವರು ಅಡುಗೆ ಮಾಡುವುದು ಬೇಡ. ನಮ್ಮ ಕಡೆಯವರು ಆ ಅಡುಗೆ... ಅರ್ಥ ಆಯ್ತಲ್ಲ?" ಅಂದಳು.

ಅರ್ಥ ಆಯಿತು. ಸಂಜೆಯೊಳಗೆ ನಾಗೇಶ ಕಂಟ್ರಾಕ್ಟರನ್ನು ಗೊತ್ತು ಮಾಡಿದ. ನಮ್ಮವರು ಎಣ್ಣೆ ಹಚ್ಚಿ ಒರಗಿಸಿಟ್ಟಿದ್ದ ಉದ್ದ ಮರದ ಸೌಟನ್ನು ಎತ್ತಿ ಮಂಚದ ಅಡಿಗೆ ತಳ್ಳಿದರು. ಕಣ್ಣಿನಲ್ಲಿ ನೀರು ತುಂಬಿತ್ತು. ಅದೂ ಕಾಮಾಲೆಯ ಲಕ್ಷಣ ಅಂತ ನಾನು ತೀರ್ಮಾನಿಸಿದೆ.

ಇನ್ನು ಉಳಿದದ್ದು ವಿಚಾರಣೆ. ಪ್ರೈವೇಟಿಗೆ ಹೋದರೆ ಜಗಳ ಮಾಡಲಿಕ್ಕೂ ಫೀಸು ಕೊಡಬೇಕು. ಹಾಗಾಗಿ ಸರ್ಕಾರಿಗೇ ನಡೆದೆ. ಒಂದು ಚೀಲದಲ್ಲಿ ಒಗ್ಗರಣೆ ಡಬ್ಬಿ, ಇನ್ನೊಂದರಲ್ಲಿ ತೊಳೆದ ಉಪ್ಪಿನಕಾಯಿ ಬಾಟ್ಲಿಯಲ್ಲಿ ಆ ಹಳದಿ ಸಾಕ್ಷಿ. ಪಕ್ಕದಲ್ಲಿ ನಮ್ಮವರು. ಕ್ಯೂನಲ್ಲಿ ಮುಂದಿದ್ದ ಹೆಂಗಸು ಬಾಟ್ಲಿ ನೋಡಿ, "ಏನು ಕಷಾಯ ಪಾಟ್ಟಿ? ಬಣ್ಣ ಚೆನ್ನಾಗಿದೆ," ಅಂದಳು. ಈ ಪಾಟ್ಟಿ, ಅಂದರೆ ಅಜ್ಜಿ, ಬಾಟ್ಲಿಗೆ ಸೆರಗು ಮುಚ್ಚಿದಳು. ಕೆಲವರಿಗೆ ಸತ್ಯ ಹೇಳಬಾರದು.

ಡಾಕ್ಟರಮ್ಮನ ಮೇಜಿನ ಮೇಲೆ ಬಾಟ್ಲಿಯನ್ನು ಟಪ್ ಅಂತ ಇಟ್ಟೆ. "ನಿಮ್ಮ ಮಾತ್ರೆಯಿಂದ ನನ್ನ ಗಂಡನ ಲಿವರ್ ಹೋಯಿತು!"

ಆಕೆ ಬಾಟ್ಲಿ ಮುಟ್ಟಲಿಲ್ಲ. ನಮ್ಮವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ನೋಡಿದಳು, ಮಲಗಿಸಿ ಹೊಟ್ಟೆ ಒತ್ತಿದಳು. "ಹಸಿವೆ ಇದೆಯಾ?"

"ಹಸಿವೆ ಮಾತ್ರವೇ ಇರುವುದು," ಅಂದರು ನಮ್ಮವರು.

"ಕಾಮಾಲೆ ಇಲ್ಲ. ಬೇಕಾದರೆ ರಕ್ತ ಟೆಸ್ಟ್ ಇಲ್ಲೇ ಮಾಡಿ ನೋಡೋಣ. ನಾನು ಕೊಟ್ಟದ್ದು ಬಿ ಕಾಂಪ್ಲೆಕ್ಸ್. ಅದು ತಗೊಂಡರೆ ಸ್ವಲ್ಪ ಹಳದಿ ಹೋಗುತ್ತದೆ. ಆದರೆ ಇಷ್ಟು? ಬೇರೆ ಏನು ಕೊಟ್ಟಿರಿ?"

ನಾನು ಡಬ್ಬಿ ತೆರೆದೆ. ಆಕೆ ಬಟ್ಟಲುಗಳನ್ನು ನೋಡಿದಳು. ಒಂದು ಮಾತ್ರೆ ಎತ್ತಿ ಮೂಸಿದಳು. ಜೀರಿಗೆ ವಾಸನೆ ಬಂದಿರಬೇಕು.

"ಇದರ ಹೆಸರು?"

"ಬಿಸಾಡಿದೆ."

"ಯಾರು ಬರೆದದ್ದು?"

ಈಗ ಸಾಕ್ಷಿ ನುಡಿಯಲೇಬೇಕಾಯಿತು. ಪ್ರೈವೇಟಿನ ಕಥೆ ಹೇಳಿದೆ. ನಾಗೇಶನ ಫೋನಿನಲ್ಲಿ ಚೀಟಿಯ ಫೋಟೋ ಇತ್ತು, ಅದನ್ನು ತನ್ನ ಫೋನಿಗೆ ತರಿಸಿ ನೋಡಿದಳು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ.

"ಪಾಟ್ಟಿ, ನರಕ್ಕೆ ಅಂತ ಕೊಟ್ಟದ್ದರಲ್ಲೂ ಬಿ ಇದೆ. ಶಕ್ತಿಗೆ ಕೊಟ್ಟದ್ದರಲ್ಲೂ ಬಿ ಇದೆ. ಕಿತ್ತಳೆ ಡಬ್ಬದ್ದರಲ್ಲೂ ಇದೆ. ನಿಮ್ಮ ಯಜಮಾನರಿಗೆ ನೀವು ಬಿಯಲ್ಲೇ ಸ್ನಾನ ಮಾಡಿಸಿದ್ದೀರಿ. ಹೆಚ್ಚಾದದ್ದು ಹೊರಗೆ ಬಂದಿದೆ. ಪುಣ್ಯಕ್ಕೆ ಇಷ್ಟಕ್ಕೇ ಆಯಿತು. ಬೇರೆ ಮಾತ್ರೆಗಳನ್ನು ಹೀಗೆ ಕಲಸಿದ್ದರೆ ನಿಜವಾಗಿ ಲಿವರ್ ಹೋಗುತ್ತಿತ್ತು. ಎಲ್ಲ ನಿಲ್ಲಿಸಿ."

"ಹಾಗಾದರೆ ನೀವು ಯಾಕೆ ಕೊಟ್ಟಿರಿ?" ನಾನು ಸುಲಭದಲ್ಲಿ ಬಿಡುವವಳಲ್ಲ.

"ನಾನಾಗಿ ಎಲ್ಲಿ ಕೊಟ್ಟೆ? ಬೇಡ ಅಂದೆ. ಸ್ಟಾಕ್ ಇಲ್ಲವಾ ಅಂತ ಇಡೀ ಕ್ಯೂಗೆ ಕೇಳುವ ಹಾಗೆ ಜಗಳ ಮಾಡಿದ್ದು ಯಾರು? ಬರಿಗೈಯಲ್ಲಿ ಕಳಿಸಿದರೆ ಕೆಟ್ಟ ಡಾಕ್ಟರ್, ಕೈ ತುಂಬ ಕೊಟ್ಟರೆ ಕಳ್ಳ ಡಾಕ್ಟರ್. ನಾವು ಏನು ಮಾಡಬೇಕು, ನೀವೇ ಹೇಳಿ."

ಹಿಂದೆ ಕ್ಯೂನಲ್ಲಿ ಯಾರೋ ನಕ್ಕರು. ಹೋದ ಸಲ ನನ್ನ ಪರವಾಗಿ ಗೊಣಗಿದವರೇ ಇರಬೇಕು. ಜನರ ಬೆಂಬಲವನ್ನು ನಂಬಬಾರದು!

ಕಾಮಾಲೆ ಬಿಡಿಸುವುದು ಸುಲಭ. ಕಾಮಾಲೆ ಬಂದಿದೆ ಅಂತ ಹೇಳಿದ ಮಾತನ್ನು ಬಿಡಿಸುವುದು ಅಷ್ಟು ಸುಲಭ ಅಲ್ಲ. ವಸಂತಾಳಿಗೆ ಫೋನು ಮಾಡಿ, "ಕಾಮಾಲೆ ಇಲ್ಲವಂತೆ, ಬರೀ ವಿಟಮಿನ್ ಅಂತೆ," ಅಂದೆ.

"ಹಾಗಾ?" ಅಂದಳು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು. ತೂಕದ ತಕ್ಕಡಿ ನೋಡುವಾಗ ನಾನೇ ಆ ಧ್ವನಿಯಲ್ಲಿ ಮಾತಾಡುತ್ತೇನೆ. "ವಿಟಮಿನ್ ತಗೊಂಡರೆ ಯಾರಿಗಾದರೂ ಕಾಮಾಲೆ ಬರುತ್ತದಾ ಅಮ್ಮಾ? ಪರವಾಗಿಲ್ಲ ಬಿಡಿ, ಕಂಟ್ರಾಕ್ಟರೇ ಮಾಡಲಿ." ನಾನು ವಿವರಿಸಿದಷ್ಟೂ ಆಕೆಯ ಸಂಶಯ ಗಟ್ಟಿಯಾಯಿತು. ಕೊನೆಗೆ, "ಮೊದಲು ಇದೆ ಅಂದಿರಿ, ಈಗ ಇಲ್ಲ ಅಂತೀರಿ," ಅಂದಳು. ಫೋನು ಇಟ್ಟು ಕೋಣೆಗೆ ಹೋದೆ. ಅಲ್ಲಿ ಮಂಚದ ಅಡಿಯಲ್ಲಿ ಸೌಟು, ಮೇಲೆ ಗೋಡೆ ಕಡೆ ತಿರುಗಿ ಮಲಗಿದ ಗಂಡ.

ಬೆಳಿಗ್ಗೆ ಅವರನ್ನು ಎಬ್ಬಿಸಿದೆ. "ಅಂಗಿ ಹಾಕಿ. ಮಾಧವರಂಗೆ ಹೋಗುವ."

"ಎಂತಕ್ಕೆ?"

"ನಿಮ್ಮ ಕಣ್ಣು ತೋರಿಸಲಿಕ್ಕೆ."

ಬಸ್ಸಿನಲ್ಲಿ ಹೋದೆವು. ವಸಂತಾಳ ಮನೆಯ ಜಗಲಿಯಲ್ಲಿ ನಮ್ಮವರನ್ನು ಬಿಸಿಲಿಗೆ ಕೂರಿಸಿದೆ. ಮೊದಲು ವಸಂತಾ ರೆಪ್ಪೆ ಎಳೆದು ನೋಡಿದಳು. ಆಮೇಲೆ ಅವಳ ಗಂಡ, ಆಮೇಲೆ ಅವಳ ಅತ್ತೆ, ಆಮೇಲೆ ಸದ್ದು ಕೇಳಿ ಬಂದ ಪಕ್ಕದ ಮನೆಯಾಕೆ. ಹುಡುಗಿ ನೋಡುವ ಶಾಸ್ತ್ರ ಗೊತ್ತಿತ್ತು. ಹುಡುಗಿಯ ಅಜ್ಜನ ಕಣ್ಣು ನೋಡುವ ಶಾಸ್ತ್ರ ನಾನು ಕಂಡದ್ದು ಅವತ್ತೇ!

"ಬಿಳಿಯೇ ಇದೆ," ಅಂದಳು ವಸಂತಾ. ಆದರೂ ಒಪ್ಪಲು ಮನಸ್ಸಿಲ್ಲ. ಆಗ ಅವಳ ಅತ್ತೆ ಒಳಗಿನಿಂದ ಒಂದು ತಟ್ಟೆ ಬಿಸಿ ವಡೆ ತಂದಿಟ್ಟರು. ಕಾಮಾಲೆ ಇದ್ದವನಿಗೆ ಎಣ್ಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ, ತಿನ್ನಲಿ ನೋಡೋಣ ಅಂತ ಆ ಮುದುಕಿಯ ಲೆಕ್ಕ. ನನಗೆ ಆಕೆಯ ಮೇಲೆ ಕೂಡಲೇ ಗೌರವ ಬಂತು. ಸಂಶಯ ಪಟ್ಟರೆ ಹೀಗೆ ಪಡಬೇಕು.

ಅವರು ನಮ್ಮವರನ್ನು ಪರೀಕ್ಷಿಸುತ್ತಿದ್ದಾರೆ ಅಂತ ನಮ್ಮವರಿಗೆ ಗೊತ್ತೇ ಆಗಲಿಲ್ಲ. ಗಂಜಿ ಕುಡಿದು ಕುಡಿದು ಸೋತ ಪ್ರಾಣಿ. ತಟ್ಟೆ ಖಾಲಿ. ಇನ್ನೊಂದು ತಟ್ಟೆ ಬಂತು, ಅದೂ ಖಾಲಿ. ಚಟ್ನಿಯ ಬಟ್ಟಲನ್ನು ಓರೆ ಮಾಡಿ ಬೆರಳಿನಿಂದ ಬಳಿದರು. ವಸಂತಾಳ ಗಂಡ ಅದನ್ನೆಲ್ಲ ನೋಡಿ ತಮಿಳಿನಲ್ಲಿ ತೀರ್ಪು ಕೊಟ್ಟರು. "ಇವರಿಗೆ ಕಾಮಾಲೆ ಇಲ್ಲ. ಇವರ ಮನೆಯಲ್ಲಿ ಸೋರು ಇಲ್ಲ!"

ಅನ್ನ ಹಾಕದ ಹೆಂಗಸು ಅಂತ ಸಂಬಂಧಿಕರ ಜಗಲಿಯಲ್ಲಿ ಹೆಸರು ತಗೊಂಡೆ. ಆದರೆ ಅಡುಗೆ ನಮ್ಮವರಿಗೆ ವಾಪಸು ಬಂತು. ನಾಗೇಶ ಕಂಟ್ರಾಕ್ಟರ ಹತ್ತಿರ ಕೈ ಮುಗಿದು ತಪ್ಪಿಸಿಕೊಂಡ.

ನಿಶ್ಚಿತಾರ್ಥದ ದಿನ ನಮ್ಮವರು ಹಾಲ್‌ನ ಹಿಂದುಗಡೆ ಕೊಪ್ಪರಿಗೆಯ ಮುಂದೆ ನಿಂತದ್ದನ್ನು ನೋಡಬೇಕಿತ್ತು. ಪ್ರಾಯ ಆದದ್ದು ಎಲ್ಲಿ ಹೋಯಿತೋ! ನಡುನಡುವೆ ಕೂತುಕೊಂಡರು, ಕೂತಲ್ಲಿಂದಲೇ ನನ್ನ ಮೇಲೆ ರೇಗಿದರು. "ಏಯ್, ಅಡಿ ಹಿಡಿಯುತ್ತದೆ, ತಿರುಗಿಸು!" ಹುಳಿಗೆ ಎರಡನೇ ಸಲ, ಮೂರನೇ ಸಲ ಬಡಿಸುವವರನ್ನು ಕೂಗಿ ಕರೆದರು ಮಾಧವರಂನವರು. ಪಾಯಸದ ಪಾತ್ರೆಗೆ ತಳ ಕಂಡಿತು.

ಊಟ ಆದ ಮೇಲೆ ವಸಂತಾಳ ಕಡೆಯ ಹೆಂಗಸರೆಲ್ಲ ಬಂದು ನನ್ನನ್ನು ಸುತ್ತುವರಿದರು. ಅಡುಗೆಯ ಗುಟ್ಟು ಕೇಳುತ್ತಾರೆ ಅಂದುಕೊಂಡೆ.

"ತಾತನಿಗೆ ಈ ಪ್ರಾಯದಲ್ಲಿ ಎಷ್ಟು ಶಕ್ತಿ! ನೀವು ಏನೋ ವಿಟಮಿನ್ ಕೊಡುತ್ತಿದ್ದೀರಂತಲ್ಲ. ಅದರ ಹೆಸರು ಹೇಳಿ."

"ಅದೆಲ್ಲ ನಿಲ್ಲಿಸಿ ಆಯಿತು," ಅಂದೆ. "ಬೆಳಿಗ್ಗೆ ಬಿಸಿಲಿನಲ್ಲಿ ನಡೆಯುವುದು, ಹೊತ್ತಿಗೆ ಸರಿಯಾಗಿ ಊಟ. ಅಷ್ಟೇ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೇಳಲು ಮನಸ್ಸಿಲ್ಲ ಇವರಿಗೆ," ಅಂತ ಒಬ್ಬಳು ಮೆಲ್ಲಗೆ ಅಂದದ್ದು ನನ್ನ ಕಿವಿಗೆ ಬಿತ್ತು. ವಸಂತಾಳ ಅತ್ತೆ ನನ್ನನ್ನು ಓರೆ ಕಣ್ಣಿನಿಂದ ನೋಡಿ, "ನಮ್ಮನ್ನು ಬರಿಗೈಯಲ್ಲಿ ಕಳಿಸುತ್ತೀರಾ?" ಅಂದರು.

ಇನ್ನೂ ಎಷ್ಟು ಹೊತ್ತು ನಿಲ್ಲುವುದು? ಕಾಲು ಬೇರೆ ನೋಯುತ್ತಿತ್ತು. ಹಿಂದೆ ಇನ್ನೂ ನಾಲ್ಕು ಜನ ಸೇರುತ್ತಿದ್ದರು. ಒಂದು ಉಸಿರು ಬಿಟ್ಟು, "ಬಿ ಕಾಂಪ್ಲೆಕ್ಸ್. ದಿನಕ್ಕೆ ಒಂದೇ ಒಂದು. ಡಾಕ್ಟರ ಹತ್ತಿರ ಕೇಳಿ ತಗೊಳ್ಳಿ," ಅಂದೆ. ಎಲ್ಲರ ಮುಖ ಅರಳಿತು. ಫೋನಿನಲ್ಲಿ ಬರೆದುಕೊಂಡರು. ಒಬ್ಬಳು ತನ್ನ ಮೊಣಕಾಲು ತೋರಿಸಿದಳು. ಇನ್ನೊಬ್ಬಳು ಕೂದಲು ತೋರಿಸಿದಳು. ಸೆರಗು ಸರಿ ಮಾಡಿಕೊಂಡು ನಾನೂ ಸ್ವಲ್ಪ ಗಂಭೀರವಾಗಿ ನೋಡಿದೆ.

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನಮ್ಮವರ ಧ್ವನಿ. "ಡಾಕ್ಟರಮ್ಮಾ, ನಿಮ್ಮ ಪೇಷೆಂಟುಗಳು ಮುಗಿದಿದ್ದರೆ ಇಲ್ಲಿ ಕೊಪ್ಪರಿಗೆ ತೊಳೆಯಲಿಕ್ಕುಂಟು!"

ಹೋಗಿ ತೊಳೆದೆ. ಅಡಿ ಹಿಡಿದಿತ್ತು.